ಆರು ಸಾವಿರದೊಳಗೆ ಮಾವನ ಭಾಗವತಿಕೆ: ಹಂಚಿನ ಮನೆಯ ರೆಕಾರ್ಡಿಂಗ್ ಲೆಕ್ಕ

ಕೆಲಸ ಇಷ್ಟೇ. ಸೋದರಮಾವನ ಭಾಗವತಿಕೆಯನ್ನು, ಅಂದರೆ ಯಕ್ಷಗಾನದ ಹಾಡುಗಾರಿಕೆಯನ್ನು, ಮನೆಯಲ್ಲೇ ರೆಕಾರ್ಡ್ ಮಾಡಬೇಕು, ನಾಳೆ ಯಾರಾದರೂ ಕೇಳಿ ಕಲಿಯುವಷ್ಟು ಚೊಕ್ಕವಾಗಿ. ಮಾವ ಮೇಳಕ್ಕೆ (ವೃತ್ತಿಪರ ತಂಡಕ್ಕೆ) ಹೋದವರಲ್ಲ, ಊರಿನ ತಾಳಮದ್ದಳೆ ಕೂಟಗಳಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಹಾಡಿದವರು. ಕುಂಬಳೆ ಸೀಮೆಯ ಕೆಲವು ಹಳೆಯ ಮಟ್ಟುಗಳು (ಹಾಡುವ ಧಾಟಿಗಳು) ಅವರ ಬಾಯಲ್ಲಿ ಉಳಿದಿವೆ. ಪ್ರಾಯ ಎಪ್ಪತ್ತು ದಾಟಿದೆ, ಸ್ವರ ಇನ್ನೂ ಗಟ್ಟಿ ಇದೆ.

ಬಜೆಟ್ 6,000 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ ಅಂತ ಮನೆಯಲ್ಲಿ ಮಾತಾಗಿತ್ತು. ಹಳೆಯ ಲ್ಯಾಪ್‌ಟಾಪ್ ಇತ್ತು. ಆಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ, ತೋಟದ ನಡುವೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಸಿಮೆಂಟಿನ ಕೆಂಪು ನೆಲ. ಈ ಕೊನೆಯ ವಿವರ ಸುಮ್ನೆ ಬರೆದದ್ದಲ್ಲ. ಯಾವ ಮೈಕ್ ಬೇಕು ಅಂತ ಕೊನೆಗೆ ತೀರ್ಮಾನ ಮಾಡಿದ್ದು ಈ ಮಾಡು ಮತ್ತು ಈ ನೆಲವೇ.

ಹಂತ 1: ಮೈಕಿಗೆ ಮೊದಲು ಮನೆಯ ಸದ್ದು

ಫೋನನ್ನು ಬೇರೆ ಬೇರೆ ಕೋಣೆಯಲ್ಲಿ ಹತ್ತು ಹತ್ತು ನಿಮಿಷ ರೆಕಾರ್ಡಿಂಗಿಗೆ ಇಟ್ಟು, ಆಮೇಲೆ ಇಯರ್‌ಫೋನ್ ಹಾಕಿ ಕೇಳಿದೆ. ದಿನಾ ಕಿವಿಗೆ ಬೀಳದ ಸದ್ದೆಲ್ಲ ಅದರಲ್ಲಿತ್ತು. ಫ್ರಿಜ್, ಫ್ಯಾನ್, ತೋಟದ ಪಂಪು, ಆಚೆಮನೆಯ ನಾಯಿ, ಸಂಜೆಯಾದರೆ ಜೀರುಂಡೆ. ಹಂಚಿನ ಮನೆಯಲ್ಲಿ ಕಿಟಕಿ ಬಾಗಿಲು ಹಾಕಿದರೂ ಪ್ರಯೋಜನ ಕಮ್ಮಿ. ಹಂಚುಗಳ ಸಂದಿಯಿಂದ ಸದ್ದು ಮೇಲಿನಿಂದಲೇ ಇಳಿಯುತ್ತದೆ.

ಎರಡನೆಯದು ಚಪ್ಪಾಳೆ ಪರೀಕ್ಷೆ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಕೇಳುವುದು. ಚಾವಡಿಯಲ್ಲಿ ಗೋಡೆಯಿಂದ ಗೋಡೆಗೆ ಹೊಡೆದು ‘ಟಣ್’ ಅಂತ ವಾಪಸು ಬಂತು. ಮಲಗುವ ಕೋಣೆ ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಅಡಿಕೆ ಕೋಣೆ. ಮೂರು ಗೋಡೆಗೂ ಒಣಗಿದ ಅಡಿಕೆಯ ಗೋಣಿಗಳು ಎದೆಮಟ್ಟ ಪೇರಿಸಿದ್ದವು, ಮೇಲೆ ಮರದ ಅಟ್ಟ. ಚಪ್ಪಾಳೆ ತಟ್ಟಿದರೆ ಅಲ್ಲಿಗಲ್ಲಿಗೆ ಮುಗಿಯಿತು. ಅಟ್ಟ ಇರುವ ಕಾರಣ ಹಂಚಿನ ಸದ್ದೂ ಸ್ವಲ್ಪ ಕಮ್ಮಿ. ಅಲ್ಲೇ ಅಂತ ನಿಶ್ಚಯ ಮಾಡಿದೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಅಂತ ಸಲಹೆ ಕೊಟ್ಟವರು ಬಹಳ ಜನ. ನಮ್ಮ ಅಡಿಕೆ ಕೋಣೆಗೆ ಮೊಟ್ಟೆಯ ಟ್ರೇ ತಂದರೆ ಅತ್ತೆ ನನ್ನನ್ನೇ ಹೊರಗೆ ಹಾಕುತ್ತಾರೆ. ಅದಿರಲಿ, ಆ ತೆಳು ರಟ್ಟಿನಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಒಳಗಿನ ಗುಂಯ್‌ಗುಟ್ಟುವಿಕೆಯೂ ಹೆಚ್ಚೇನೂ ಕಮ್ಮಿಯಾಗುವುದಿಲ್ಲ. ಕಂಬಳಿ, ಹಾಸಿಗೆ, ತುಂಬಿದ ಗೋಣಿ ಇವೇ ಅದಕ್ಕಿಂತ ಎಷ್ಟೋ ವಾಸಿ.

ಹಂತ 2: ಕೊಳ್ಳುವ ಮೊದಲು ಕಡ ತಂದು ನೋಡಿದ್ದು

ಒಂದೇ ಪದ್ಯ, ಒಂದೇ ಜಾಗ. ಸದ್ದಿನ ಮಟ್ಟವನ್ನು ಆಡಾಸಿಟಿಯಲ್ಲಿ ಸಮ ಮಾಡಿಕೊಂಡು, ಫೈಲುಗಳಿಗೆ ಬರೀ ನಂಬರ್ ಕೊಟ್ಟು ಮಾವನಿಗೆ ಕೇಳಿಸಿದೆ. ಮಟ್ಟ ಸಮ ಮಾಡದಿದ್ದರೆ ಜೋರಾಗಿ ಕೇಳಿಸಿದ್ದೇ ಒಳ್ಳೆಯದು ಅನ್ನಿಸುತ್ತದೆ, ಅದು ಯಾರಿಗಾದರೂ ಹಾಗೆಯೇ.

ಫೋನಿನದ್ದೇ ಮೈಕ್: ಮಾತಿಗೆ ಪರವಾಗಿಲ್ಲ, ಹಾಡಿಗೆ ಆಗುವುದಿಲ್ಲ. ಮಾವ ಸ್ವರ ಏರಿಸಿದ ಕೂಡಲೇ ಫೋನು ತಾನಾಗಿ ಮಟ್ಟ ತಗ್ಗಿಸುತ್ತದೆ. ಉಸಿರು ತೆಗೆಯಲು ನಿಲ್ಲಿಸಿದರೆ ಪುನಃ ಏರಿಸುತ್ತದೆ, ಆಗ ಜೀರುಂಡೆ ಮುಂದೆ ಬರುತ್ತದೆ. ಪದ್ಯದ ಏರಿಳಿತವೇ ಹೋಯಿತು. “ಎಂತ ಮಾರಾಯ, ಯಾರೋ ಕುತ್ತಿಗೆ ಹಿಡಿದ ಹಾಗೆ ಉಂಟಲ್ಲ” ಅಂದರು ಮಾವ.

ಕಾಲರ್ ಮೈಕ್, ಬೋಯಾ ಬಿವೈ-ಎಂ1: ಇದನ್ನು ಮಾತ್ರ ದುಡ್ಡು ಕೊಟ್ಟು ತಂದೆ, 900 ರೂಪಾಯಿ. 6 ಮೀಟರ್ ವೈರ್ ಇದೆ. ಫೋನಿಗೆ ಹಾಕುವಾಗ ಬ್ಯಾಟರಿ ಬೇಡ, ಕ್ಯಾಮೆರಾಕ್ಕೆ ಮಾತ್ರ ಬೇಕು. ಅರ್ಥಗಾರಿಕೆಗೆ, ಅಂದರೆ ತಾಳಮದ್ದಳೆಯ ಮಾತುಗಾರಿಕೆಗೆ, ಇದು ಬಹಳ ಚೆನ್ನಾಗಿದೆ. ಅರ್ಥಧಾರಿ ಎಷ್ಟು ಕೈ ಬೀಸಿದರೂ, ತಲೆ ತಿರುಗಿಸಿದರೂ ಮೈಕ್ ಎದೆಯಲ್ಲೇ ಇರುತ್ತದೆ. ಆದರೆ ಇದು ಎಲ್ಲ ದಿಕ್ಕಿನ ಸದ್ದನ್ನೂ ಒಂದೇ ಸಮ ಹಿಡಿಯುವ ಜಾತಿ. ಭಾಗವತರಿಗೆ ಕಟ್ಟಿದರೆ ಕೈಯ ಜಾಗಟೆ ಬಾಯಿಗಿಂತ ಹತ್ತಿರವಾಯಿತು. ಹೆಗಲ ಶಾಲು ಉಜ್ಜಿದರೆ ಸರಸರ. ಇನ್ನೊಂದು, ನಿಮ್ಮ ಫೋನಿಗೆ ಬರೀ ಟೈಪ್-ಸಿ ತೂತು ಇದ್ದರೆ ಕನ್ವರ್ಟರ್ ಬೇಕು. ತೀರಾ ಅಗ್ಗದ ಕನ್ವರ್ಟರಿನಲ್ಲಿ ಹಾಡು ಕೇಳಬಹುದು, ಮೈಕ್ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ.

ಅಗ್ಗದ ಕಂಡೆನ್ಸರ್ (ಕರೆಂಟ್ ಬೇಕಾಗುವ ಸೂಕ್ಷ್ಮ ಜಾತಿಯ ಮೈಕ್): ಹೆಸರು ಕುಲ ಗೊತ್ತಿಲ್ಲದ ಒಂದು, ಮನೆಯಲ್ಲೇ ಬಿದ್ದಿತ್ತು. ನೋಡಲು ಸ್ಟುಡಿಯೋದ ಮೈಕಿನ ಹಾಗೆಯೇ ದಪ್ಪ, ಮೇಲೆ ಬಂಗಾರದ ಬಣ್ಣದ ಜಾಲರಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಹಾಕಿದರೆ ಬುಸ್ ಅನ್ನುವ ಸದ್ದು ಸ್ವರದಷ್ಟೇ ಇತ್ತು. 48 ವೋಲ್ಟ್ ಫ್ಯಾಂಟಮ್ ಪವರ್ (ವೈರಿನ ಮೂಲಕವೇ ಮೈಕಿಗೆ ಹೋಗುವ ಕರೆಂಟ್) ಕೊಟ್ಟು ನೋಡಿದಾಗ ಬುಸ್ ಕಮ್ಮಿಯಾಯಿತು, ಸ್ವರ ಹೊಳೆಯಿತು. ಜೊತೆಗೆ ತೋಟದ ಪಂಪು, ಅಡುಗೆಮನೆಯ ತಟ್ಟೆ, ಅಟ್ಟದ ಇಲಿ ಎಲ್ಲವೂ ಹೊಳೆದವು. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ತೇವ ಹಿಡಿದ ಕಂಡೆನ್ಸರ್ ಮೈಕ್ ಚಟಪಟ ಅನ್ನುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕಡೆ, ಕಪಾಟಿನ ಬಟ್ಟೆಗೇ ಬೂಸ್ಟು ಬರುವಾಗ ಮೈಕಿನದ್ದು ಹೇಳಬೇಕಾ?

ಯುಎಸ್‌ಬಿ ಮೈಕ್: ತಮ್ಮನ ಮಗನದ್ದು. ನ್ಯಾಯವಾಗಿ ಹೇಳುವುದಾದರೆ, ಒಬ್ಬರೇ ಮಾತಾಡುವುದಾದರೆ, ಕೋಣೆ ಶಾಂತವಾಗಿದ್ದರೆ ಇದನ್ನೇ ತೆಗೆದುಕೊಳ್ಳಿ, ಮುಂದೆ ಓದಬೇಕಂತಿಲ್ಲ. ಒಂದು ವೈರ್, ಚುಚ್ಚಿದರೆ ಮುಗಿಯಿತು. ಆದರೆ ಇದರ ಒಳಗಿದ್ದದ್ದೂ ಕಂಡೆನ್ಸರೇ, ತೋಟದ ಕತೆ ಇಲ್ಲೂ ಅದೇ.

ಸೌಂಡ್ಸ್‌ನವರ ಡೈನಮಿಕ್ ಮೈಕ್ (ಕರೆಂಟ್ ಬೇಡದ, ಅಷ್ಟು ಸೂಕ್ಷ್ಮವಲ್ಲದ ಜಾತಿ): ನಮ್ಮ ಕಡೆಯ ಮದುವೆ, ಪೂಜೆ, ಕೂಟ ಎಲ್ಲದರಲ್ಲೂ ಕಾಣುವ ಅಹುಜಾದ ಸಾಧಾರಣ ಕೈಮೈಕ್. ಒಂದು ದಿನಕ್ಕೆ ಕಡ ತಂದೆ. ಬಾಯಿಗೆ ಹತ್ತಿರ ಹಿಡಿದು ಹಾಡಿದಾಗ ತೋಟ ಮಾಯ! ಪಂಪು ಓಡುತ್ತಿತ್ತು, ರೆಕಾರ್ಡಿಂಗಿನಲ್ಲಿ ಹುಡುಕಿದರೂ ಸಿಗದಷ್ಟು ಹಿಂದೆ ಹೋಗಿತ್ತು. ಒಳಗಡೆ ‘ಊಂ’ ಅಂತ ಒಂದು ಗುಂಯ್ ಇತ್ತು, ಅದರ ಕತೆ ಮುಂದೆ ಇದೆ. ಮಾವ ಕಣ್ಣುಮುಚ್ಚಿ ಕೇಳಿ ಆರಿಸಿದ್ದೂ ಇದೇ ನಂಬರನ್ನು.

ಹಾಗಾಗಿ ಸೂಕ್ಷ್ಮ ಮೈಕಿನ ಆಸೆ ಅಲ್ಲಿಗೆ ಬಿಟ್ಟೆ. ಎಟಿ2020 ಅನ್ನುವ ಹೆಸರುವಾಸಿ ಕಂಡೆನ್ಸರಿನ ಸ್ವಂತ ಬುಸ್ 20 ಡೆಸಿಬೆಲ್ ಅಂತ ಕಂಪೆನಿ ಬರೆದಿದೆ. ರೋಡ್ ಕಂಪೆನಿಯ ಎನ್‌ಟಿ1 ಮೈಕಿನದ್ದು ಐದಕ್ಕಿಂತಲೂ ಕಮ್ಮಿ. ಆ ವ್ಯತ್ಯಾಸಕ್ಕೆ ದುಡ್ಡು ಕೊಡಬೇಕಾದ್ದು ಶಾಂತ ಕೋಣೆ ಇರುವವರು. ಜೀರುಂಡೆಗಳ ನಡುವೆ ಕೂತು ಹಾಡುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಮಗೆ ಬೇಕಾದ್ದು ಬಾಯಿಗೆ ಹತ್ತಿರ ಇಟ್ಟು ಹಾಡಬಹುದಾದ, ಎದುರಿನದ್ದನ್ನೇ ಹೆಚ್ಚು ಹಿಡಿಯುವ ಮೈಕ್.

ಹಂತ 3: ಕೊಂಡದ್ದು

ಡೈನಮಿಕ್ ಅಂದ ಕೂಡಲೇ ಎಲ್ಲರೂ ಹೇಳುವುದು ಶೂರ್ ಎಸ್‌ಎಂ58. 1966ರಿಂದ ನಡೆದುಕೊಂಡು ಬಂದ ಮಾದರಿ. ಹೊಸದರ ಬೆಲೆ ನನ್ನ ಬಜೆಟ್ಟಿನ ಆಚೆ. ಅರ್ಧಕ್ಕಿಂತ ಕಮ್ಮಿಗೆ ‘ಹೊಸ ಎಸ್‌ಎಂ58’ ಅಂತ ಯಾರಾದರೂ ಕೊಟ್ಟರೆ ಅದು ನಕಲಿ ಅಂತಲೇ ತಿಳಿಯಿರಿ, ಈ ಮೈಕಿನ ನಕಲಿಗಳು ಅಷ್ಟಿವೆ.

ನಾನು ತೆಗೆದುಕೊಂಡದ್ದು ಬೆಹ್ರಿಂಗರ್ ಎಕ್ಸ್‌ಎಂ8500. 1,950 ರೂಪಾಯಿ. ಹಿಡಿಯುವ ಕ್ಲಿಪ್ಪು, ಪ್ಲಾಸ್ಟಿಕ್ ಪೆಟ್ಟಿಗೆ ಜೊತೆಗೇ ಬಂತು. ವೈರ್ ಬರುವುದಿಲ್ಲ. ಆನ್-ಆಫ್ ಸ್ವಿಚ್ಚೂ ಇಲ್ಲ. ಸ್ವಿಚ್ ಇಲ್ಲದ್ದು ಒಳ್ಳೆಯದೇ, ರೆಕಾರ್ಡಿಂಗ್ ನಡುವೆ ‘ಟಕ್’ ಅನ್ನುವ ಸದ್ದು ಬೀಳುವುದಿಲ್ಲ.

ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸಲು ಆಡಿಯೋ ಇಂಟರ್‌ಫೇಸ್ ಬೇಕು. ಬೆಹ್ರಿಂಗರ್ ಯುಎಂ2, ಸೆಕೆಂಡ್ ಹ್ಯಾಂಡ್, ಮಂಗಳೂರಿನಲ್ಲಿ 2,500ಕ್ಕೆ ಸಿಕ್ಕಿತು. ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಹಳೆಯದನ್ನು ಕೊಳ್ಳುವಾಗ ನೋಡಬೇಕಾದ್ದು ಎರಡು. ಗೇನ್ (ಮೈಕಿನ ಸದ್ದನ್ನು ಏರಿಸುವ) ತಿರುಗಣೆ ತಿರುಗಿಸುವಾಗ ಕರಕರ ಅನ್ನುತ್ತದಾ, ಯುಎಸ್‌ಬಿ ತೂತು ಅಲ್ಲಾಡಿಸಿದರೆ ಲೈಟ್ ಹೋಗುತ್ತದಾ. ನನಗೆ ಸಿಕ್ಕಿದ್ದು ಸ್ವಲ್ಪ ಕರಕರ ಇತ್ತು. ಆಚೆಗೂ ಈಚೆಗೂ ಹಲವು ಸಲ ತಿರುಗಿಸಿದ ಮೇಲೆ ಹೋಯಿತು.

ಒಂದು ಕೊರತೆ ಬರೆದಿಡುತ್ತೇನೆ. ಈ ಡಬ್ಬದ ಗೇನ್ ಡೈನಮಿಕ್ ಮೈಕಿಗೆ ಅಷ್ಟಕ್ಕಷ್ಟೇ. ಮಾವನ ಸ್ವರಕ್ಕೆ ಮುಕ್ಕಾಲು ತಿರುಗಿಸಿದರೆ ಸಾಕು. ಅತ್ತೆ ಒಂದು ಸೋಬಾನೆ ಹೇಳಿದಾಗ ಪೂರ್ತಿ ತಿರುಗಿಸಬೇಕಾಯಿತು, ಆಗ ಡಬ್ಬದ್ದೇ ಬುಸ್ ಕೇಳಿಸಿತು. ಮೆಲುದನಿಯವರಿಗೆ ಈ ಜೋಡಿ ಸರಿ ಹೋಗುವುದಿಲ್ಲ.

ಹಂತ 4: ವೈರ್

ಸೌಂಡ್ಸ್‌ನವರ ಹಳೆಯ ವೈರ್ ಒಂದು ಪುಕ್ಕಟೆ ಸಿಕ್ಕಿತ್ತು. ಒಂದು ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದರಲ್ಲಿ ದಪ್ಪ ಮೋನೋ ಜಾಕ್. ಆ ಜಾಕನ್ನು ಕತ್ತರಿಸಿ ಅಲ್ಲೂ ಎಕ್ಸ್‌ಎಲ್‌ಆರ್ ಹಾಕಿದರೆ ಆಯಿತಲ್ಲ ಅಂತ ಲೆಕ್ಕ. ಬ್ಲೇಡಿನಿಂದ ಸಿಪ್ಪೆ ಸೀಳಿ ನೋಡಿದರೆ ಒಳಗೆ ಇದ್ದದ್ದು ಒಂದೇ ವೈರ್, ಸುತ್ತ ತಾಮ್ರದ ಜಾಲರಿ. ನಮಗೆ ಬೇಕಾದ್ದು ಎರಡು ವೈರ್ ಮತ್ತು ಜಾಲರಿ. ಅದು ಅಲ್ಲಿಗೆ ಮುಗಿಯಿತು.

ಕಾಸರಗೋಡು ಪೇಟೆಗೆ ಹೋಗಿ ಎರಡು ಕೋರಿನ ಶೀಲ್ಡ್ ವೈರ್ 5 ಮೀಟರ್ ತಂದೆ, ಮೀಟರಿಗೆ 40. ಎಕ್ಸ್‌ಎಲ್‌ಆರ್ ಗಂಡು ಒಂದು, ಹೆಣ್ಣು ಒಂದು, ಎರಡೂ ಸೇರಿ 150. ಅಂಗಡಿಯಲ್ಲಿ ಮಲಯಾಳದಲ್ಲಿ ಕೇಳಿದೆ, ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ನಮ್ಮ ಪೇಟೆಯಲ್ಲಿ ಇದು ಮಾಮೂಲು.

ಜೋಡಣೆ: ಜಾಲರಿ 1ನೇ ಪಿನ್ನಿಗೆ, ಕೆಂಪು 2ಕ್ಕೆ, ಬಿಳಿ 3ಕ್ಕೆ. ಎರಡೂ ತುದಿಯಲ್ಲಿ ಹಾಗೆಯೇ. ಪಿನ್ನಿನ ನಂಬರ್ ಕನೆಕ್ಟರಿನ ಮುಖದ ಮೇಲೆ ಸಣ್ಣದಾಗಿ ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಮಾತ್ರ ಕಾಣುವುದು. 25 ವಾಟ್‌ನ ಸೋಲ್ಡರಿಂಗ್ ಐರನ್ ಸಾಕು.

ಇಲ್ಲಿ ಕೈ ಕೆಟ್ಟ ಜಾಗಗಳು. ಅಗ್ಗದ ಕನೆಕ್ಟರಿನ ಒಳಗಿನ ಪ್ಲಾಸ್ಟಿಕ್ ಬಿಸಿಗೆ ಬೇಗ ಕರಗುತ್ತದೆ. ಮೊದಲ ತುದಿಯಲ್ಲಿ 3ನೇ ಪಿನ್ ವಾಲಿಕೊಂಡಿತು, ಇಕ್ಕಳದಲ್ಲಿ ನೇರ ಮಾಡುವಾಗ ಕಿತ್ತೇ ಬಂತು. ಇನ್ನೊಂದು ಗಂಡು ಕನೆಕ್ಟರ್ ತರಬೇಕಾಯಿತು, ಅದಕ್ಕೆ 75. ಎರಡನೇ ಸಲ ಗಂಡಿಗೆ ಹೆಣ್ಣನ್ನು ಸಿಕ್ಕಿಸಿಟ್ಟೇ ಸೋಲ್ಡರ್ ಮಾಡಿದೆ. ಪ್ಲಾಸ್ಟಿಕ್ ಮೆತ್ತಗಾದರೂ ಎದುರಿನ ಕನೆಕ್ಟರ್ ಪಿನ್ನನ್ನು ನೇರ ಹಿಡಿದುಕೊಳ್ಳುತ್ತದೆ. ಪಿನ್ನಿನ ಗುಳಿಗೂ ವೈರಿನ ತುದಿಗೂ ಬೇರೆ ಬೇರೆಯಾಗಿ ಮೊದಲೇ ಸೀಸ ಹಿಡಿಸಿಟ್ಟರೆ ಐರನ್ ಎರಡು ಸೆಕೆಂಡ್ ಮುಟ್ಟಿಸಿದರೆ ಸಾಕು. ಮತ್ತೆ, ಕನೆಕ್ಟರಿನ ಹಿಂದಿನ ರಬ್ಬರ್ ಟೋಪಿಯನ್ನು ಸೋಲ್ಡರಿಗೆ ಮೊದಲೇ ವೈರಿಗೆ ತೂರಿಸಿಡಿ. ಎಲ್ಲ ಬೆಸುಗೆ ಚೆನ್ನಾಗಿ ಕೂತ ಮೇಲೆ ಅದು ಮೇಜಿನ ಮೇಲೆ ಉಳಿದದ್ದು ಕಂಡರೆ ಅಳು ಬರುತ್ತದೆ.

ಕೊನೆಗೆ ಮಲ್ಟಿಮೀಟರಿನ ಬೀಪ್‌ನಲ್ಲಿ ಪಿನ್ನಿಗೆ ಪಿನ್ ನೋಡಬೇಕು. 1ಕ್ಕೂ 2ಕ್ಕೂ ನಡುವೆ ಬೀಪ್ ಬಂದರೆ ಜಾಲರಿಯ ಒಂದು ಎಳೆ ಎಲ್ಲೋ ತಾಗುತ್ತಿದೆ ಅಂತ ಅರ್ಥ.

ಹಂತ 5: ‘ಊಂ’ ಎಲ್ಲಿಂದ?

ಹೊಸ ವೈರ್ ಹಾಕಿದಾಗ ಗುಂಯ್ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಒಂದೊಂದೇ ಬಿಡಿಸುತ್ತಾ ಹೋದೆ. ಫ್ಯಾನ್ ಆಫ್, ವ್ಯತ್ಯಾಸ ಇಲ್ಲ. ಟ್ಯೂಬ್‌ಲೈಟ್ ಆಫ್, ಇಲ್ಲ. ಮೈಕ್ ಕಿತ್ತರೂ ಗುಂಯ್ ಹಾಗೆಯೇ ಇದೆ! ಅಂದರೆ ಮೈಕಿನದ್ದೂ ಅಲ್ಲ, ವೈರಿನದ್ದೂ ಅಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಸ್ವಿಚ್ ಆಫ್ ಮಾಡಿದ ಹಾಗೆ ಗುಂಯ್ ನಿಂತಿತು.

ಆಡಾಸಿಟಿಯ ಮೀಟರಿನಲ್ಲಿ ಚಾರ್ಜರ್ ಇದ್ದಾಗ ಮೌನದ ಮಟ್ಟ ಮೈನಸ್ 48 ಡೆಸಿಬೆಲ್ ಇತ್ತು (ಈ ಮೀಟರಿನಲ್ಲಿ ಸೊನ್ನೆಯೇ ಎಲ್ಲಕ್ಕಿಂತ ಜೋರು), ಕಿತ್ತ ಮೇಲೆ ಮೈನಸ್ 66ಕ್ಕೆ ಇಳಿಯಿತು. ಅಡಿಕೆ ಕೋಣೆಯ ಪ್ಲಗ್ಗಿಗೆ ಅರ್ತಿಂಗ್ ಬಂದೇ ಇರಲಿಲ್ಲ ಅಂತ ಆಮೇಲೆ ವಯರಿಂಗ್‌ನವರು ತೆರೆದು ತೋರಿಸಿದರು. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇದ್ದರೂ ಮೂರನೆಯದಕ್ಕೆ ವೈರ್ ಇರುತ್ತದೆ ಅಂತ ಭರವಸೆ ಇಲ್ಲ. ರೆಕಾರ್ಡಿಂಗ್ ಬಿಡಿ, ಜೀವಕ್ಕೂ ಅದು ಒಳ್ಳೆಯದಲ್ಲ. ಅದನ್ನು ಸರಿ ಮಾಡಿಸಿದ್ದಾಯಿತು, ಆ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಈಗಲೂ ರೆಕಾರ್ಡ್ ಮಾಡುವುದು ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ. ಕರೆಂಟ್ ಹೋಗಿ ಇನ್‌ವರ್ಟರ್ ಬಂದರೆ ಚಾರ್ಜರಿನ ಮೂಲಕ ಬೇರೆಯೇ ಒಂದು ಭರ್ರ್ ಒಳಗೆ ಬರುತ್ತದೆ. ಬ್ಯಾಟರಿಯಲ್ಲಿ ಎರಡೂ ಇಲ್ಲ. ಹಳೆಯ ಬ್ಯಾಟರಿಗೆ ಮುಕ್ಕಾಲು ಗಂಟೆ ಆಯುಸ್ಸು, ಒಂದು ಸಲ ಕೂತು ಹಾಡಲು ಅಷ್ಟು ಸಾಕು.

ಹಂತ 6: ಸ್ಟ್ಯಾಂಡ್, ಜಾಲರಿ

ಖಾಲಿ ಪೈಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ ನಡುವೆ ಜಿಐ ಪೈಪ್ ನಿಲ್ಲಿಸಿದೆ. ಮೇಲೆ ಎಲ್ಬೋ ಹಾಕಿ ಅಡ್ಡಕ್ಕೆ ಒಂದು ತುಂಡು. ಮೈಕಿನ ಕ್ಲಿಪ್ಪಿನ ಥ್ರೆಡ್ಡಿಗೂ ಪ್ಲಂಬಿಂಗಿನ ಥ್ರೆಡ್ಡಿಗೂ ಸಂಬಂಧ ಇಲ್ಲ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದೆ. ನೆಲ ತುಳಿದರೆ ಬರುವ ‘ಡುಬ್’ ಕೂಡ ಆ ರಬ್ಬರಿನಿಂದ ಸ್ವಲ್ಪ ಕಮ್ಮಿಯಾಯಿತು. ಡಬ್ಬದ ಅಡಿಗೆ ಮಡಚಿದ ಗೋಣಿ. ಒಟ್ಟು 200.

‘ಪ’, ‘ಭ’ ಅಕ್ಷರಗಳಿಗೆ ಮೈಕಿನಲ್ಲಿ ಗಾಳಿ ಬಡಿಯುತ್ತದೆ. ಭಾಗವತಿಕೆಯಲ್ಲಿ ‘ಭಳಿರೇ’ಗೆ ಬರಗಾಲವೇ? ಕಸೂತಿಯ ರಿಂಗ್ 40 ರೂಪಾಯಿ. ಮೊದಲು ಪಂಚೆಯ ಬಟ್ಟೆ ಬಿಗಿದೆ, ಗಾಳಿ ನಿಂತಿತು, ಜೊತೆಗೆ ಸ್ವರದ ಹೊಳಪೂ ನಿಂತಿತು. ಮಗಳ ಹಳೆಯ ನೈಲಾನ್ ಕಾಲುಚೀಲ ಎರಡು ಪದರ ಬಿಗಿದಾಗ ಸರಿ ಬಂತು.

ಹಂತ 7: ಜಾಗಟೆ ಮತ್ತು ಮದ್ದಳೆ

ಜಾಸ್ತಿ ಹೊತ್ತು ಹೋದದ್ದು ಇಲ್ಲಿ. ಮೈಕನ್ನು ಮಾವನ ಎದುರು ನೇರ ಇಟ್ಟರೆ ಸ್ವರದ ತುದಿ ಮೈನಸ್ 10ರಲ್ಲಿ ಇರುತ್ತದೆ. ಜಾಗಟೆಗೆ ಒಂದು ಪೆಟ್ಟು ಬಿದ್ದರೆ ಮೀಟರ್ ಸೊನ್ನೆಗೆ ಹೋಗಿ ಕೆಂಪಾಗುತ್ತದೆ. ಸೊನ್ನೆ ಮುಟ್ಟಿ ಒಡೆದ ಸದ್ದನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಗೇನ್ ತಗ್ಗಿಸಿದರೆ ಸ್ವರ ತೆಳುವಾಗುತ್ತದೆ. ಜಾಗಟೆ ಇಲ್ಲದೆ ಹಾಡಿ ಅಂದರೆ ಮಾವ ಹಾಡುವವರಲ್ಲ.

ಈ ಮೈಕ್ ಎದುರಿನದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಪಕ್ಕದ್ದನ್ನು ಕಮ್ಮಿ, ಬೆನ್ನಿನ ಕಡೆಯದ್ದನ್ನು ಬಹಳ ಕಮ್ಮಿ. ಅದನ್ನೇ ಉಪಯೋಗಿಸಬೇಕು. ಮೈಕನ್ನು ಹಣೆಯ ಎತ್ತರಕ್ಕೆ ಏರಿಸಿ, ಬಲಗಡೆಯಿಂದ ಬಾಯಿಯ ಕಡೆಗೆ ಇಳಿಜಾರಾಗಿ ತಿರುಗಿಸಿದೆ. ಜಾಗಟೆಯ ಎಡಗೈಯನ್ನು ಮಾವ ಮಡಿಲಿನ ಮಟ್ಟಕ್ಕೆ ಇಳಿಸಿ, ಸ್ವಲ್ಪ ಹೊರಗೆ ಹಿಡಿದರು. ಆಗ ಪೆಟ್ಟು ಮೈನಸ್ 5ರ ಹತ್ತಿರ ನಿಂತಿತು. ತಾಳ ಸ್ಪಷ್ಟ ಕೇಳಿಸುತ್ತದೆ, ಒಡೆಯುವುದಿಲ್ಲ.

ಅಂತರ ಒಂದು ಗೇಣು. ನಾಲ್ಕು ಬೆರಳಿಗೆ ಬಂದರೆ ಸ್ವರಕ್ಕೆ ಇಲ್ಲದ ದಪ್ಪ ಬರುತ್ತದೆ. ಎರಡು ಗೇಣು ಹೋದರೆ ಕೋಣೆ ಕೇಳಿಸಲು ಸುರುವಾಗುತ್ತದೆ. ಕೂಟದ ಅಭ್ಯಾಸಕ್ಕೆ ಮಾವ ಮೈಕನ್ನು ನುಂಗುವ ಹಾಗೆ ಮುಂದೆ ಬರುತ್ತಿದ್ದರು. ಕಾಲುಚೀಲದ ರಿಂಗನ್ನು ಮೈಕಿನಿಂದ ಮುಕ್ಕಾಲು ಗೇಣು ಮುಂದೆ ಕಟ್ಟಿದ ಮೇಲೆ ಅದು ಮೂಗಿಗೆ ತಾಗಿ ತಾವಾಗಿಯೇ ಹಿಂದೆ ಸರಿದರು.

ಮದ್ದಳೆಯವರು ಮೈಕಿನ ಬೆನ್ನಿನ ಕಡೆ, ಐದಾರು ಅಡಿ ದೂರ. ಯುಎಂ2ರಲ್ಲಿ ಮೈಕಿನ ತೂತು ಒಂದೇ, ಹಾಗಾಗಿ ಒಂದೇ ಮೈಕಿನಲ್ಲಿ ಇಬ್ಬರೂ ಬರಬೇಕು. ಮದ್ದಳೆ ತುಂಬ ಹಿಂದಾಯಿತು ಅನ್ನಿಸಿದರೆ ಅವರ ಚಾಪೆಯನ್ನೇ ಪಕ್ಕಕ್ಕೆ ಎಳೆಯುವುದು, ಗೇನ್ ಮುಟ್ಟುವುದಿಲ್ಲ. ಚೆಂಡೆ ಕೋಣೆಯೊಳಗೆ ಬೇಡವೇ ಬೇಡ. ಒಂದು ಸಲ ಚಾವಡಿಯಲ್ಲಿ ಕೂರಿಸಿ ಬಾಗಿಲು ಅರ್ಧ ಮುಚ್ಚಿ ನೋಡಿದೆವು, ಆಗಲೂ ಅದರದ್ದೇ ರಾಜ್ಯ.

ಹಂತ 8: ಅಡಿಕೆ ಹೋಯಿತು

ಎಲ್ಲ ಕೂತುಬಂತು ಅನ್ನುವಾಗ ಅಡಿಕೆಗೆ ರೇಟು ಬಂತು. ಮಾವ ಗೋಣಿಗಳನ್ನು ಲೋಡ್ ಮಾಡಿಸಿ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋಗೆ ಕಳಿಸಿದರು. ಮರುದಿನ ರೆಕಾರ್ಡ್ ಮಾಡಿದ ಪದ್ಯ ಬಾವಿಯೊಳಗೆ ಹಾಡಿದ ಹಾಗಿತ್ತು. ಅದೇ ಮೈಕ್, ಅದೇ ಅಂತರ. ಗೋಡೆ ಮಾತ್ರ ಬರಿದು.

ಎರಡು ಹತ್ತಿಯ ಹಾಸಿಗೆಗಳನ್ನು ಮಾವನ ಬೆನ್ನ ಹಿಂದೆ ಒಂದು, ಬಲಗಡೆ ಒಂದು ಗೋಡೆಗೆ ಒರಗಿಸಿದೆ. ಮೈಕ್ ನೋಡುವುದು ಮಾವನನ್ನು ಮತ್ತು ಅವರ ಹಿಂದಿನ ಗೋಡೆಯನ್ನು, ಹಾಗಾಗಿ ಹಾಸಿಗೆ ಬೇಕಾದ್ದು ಅಲ್ಲಿ. ಮೈಕಿನ ಹಿಂದೆ ಹಾಕಿ ನೋಡಿದ್ದಕ್ಕೆ ಅಷ್ಟು ಫಲ ಸಿಗಲಿಲ್ಲ. ಉಳಿದ ಕಡೆ ಖಾಲಿ ಗೋಣಿ ನೇತುಹಾಕಿದ್ದೇನೆ. ಮೊದಲಿನಷ್ಟು ಇಲ್ಲ, ನಡೆಯುತ್ತದೆ.

ಸಾಫ್ಟ್‌ವೇರಿನಲ್ಲಿ ಮಾಡುವುದು ಸ್ವಲ್ಪವೇ. ಮೋನೋ, 48 ಕಿಲೋಹರ್ಟ್ಸ್, ವೇವ್ ಫೈಲ್. ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. ಹಾಡುವ ಮೊದಲು ಐದಾರು ಸೆಕೆಂಡ್ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನ ಹಿಡಿಯುವುದು, ಆಮೇಲೆ ಆ ಮೌನವನ್ನು ತೋರಿಸಿ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ತಗ್ಗಿಸುವುದು) ಒಂದೇ ಸಲ. 12 ಡೆಸಿಬೆಲ್‌ಗೆ ಇಟ್ಟಾಗ ಸ್ವರದ ಕೊನೆ ನೀರಿನೊಳಗಿಂದ ಬಂದ ಹಾಗಾಯಿತು, 6ಕ್ಕೆ ಇಳಿಸಿದೆ. 80 ಹರ್ಟ್ಸಿನ ಕೆಳಗಿನದ್ದು ಕಟ್. ಮಳೆಗೆ ಮಾತ್ರ ಯಾವ ಫಿಲ್ಟರೂ ಇಲ್ಲ. ಹಂಚಿನ ಮೇಲೆ ಮಳೆ ಬಿದ್ದರೆ ರೆಕಾರ್ಡಿಂಗ್ ನಿಲ್ಲಿಸಿ ಚಹಾ ಕುಡಿಯುವುದು.

ಲೆಕ್ಕ

ಮೈಕ್ 1,950. ಇಂಟರ್‌ಫೇಸ್ 2,500. ಕಾಲರ್ ಮೈಕ್ 900. ವೈರ್ 200, ಕನೆಕ್ಟರ್ 150, ಕರಗಿಸಿದ್ದರ ಬದಲಿಗೆ 75. ಸ್ಟ್ಯಾಂಡ್ 200, ರಿಂಗ್ 40. ಒಟ್ಟು 6,015. ಆ 15 ರೂಪಾಯಿಯ ಬಗ್ಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಬಾಕಿ ಇರುವುದು ಮದ್ದಳೆ. ಅದಕ್ಕೆ ಬೇರೆ ಮೈಕ್ ಇಟ್ಟು ಬೇರೆ ಟ್ರ್ಯಾಕಿನಲ್ಲಿ ಹಿಡಿಯಬೇಕಾದರೆ ಎರಡು ಎಕ್ಸ್‌ಎಲ್‌ಆರ್ ತೂತಿನ ಇಂಟರ್‌ಫೇಸ್ ಬೇಕು, ಬೆಹ್ರಿಂಗರ್ ಯುಎಂಸಿ202ಎಚ್‌ಡಿ ತರಹದ್ದು. ಎರಡನೇ ಮೈಕಿಗೆ ಸೌಂಡ್ಸ್‌ನವರದ್ದೇ ಕಡ ಸಿಗುತ್ತದೆ, ವೈರ್ ಮಾತ್ರ ನಾನು ಮಾಡಿಕೊಳ್ಳಬೇಕು. ಕಾಸರಗೋಡು, ಮಂಗಳೂರು ಕಡೆ ಯಾರ ಹತ್ತಿರವಾದರೂ ಅಂಥ ಡಬ್ಬ ಸೆಕೆಂಡ್ ಹ್ಯಾಂಡ್ ಇದ್ದರೆ ತಿಳಿಸಿ, ಮುಂದಿನ ಕೊಯ್ಲಿನ ಅಡಿಕೆ ಹೋದ ಮೇಲೆ ಬಂದು ತೆಗೆದುಕೊಳ್ಳುತ್ತೇನೆ.